ಎಫ್‌ಪಿಜಿಎ 3.3 ವೋಲ್ಟ್, ಎದುರಿಗೆ 5 ವೋಲ್ಟ್ ಚಿಪ್ ಇದ್ದರೆ

ಹುಬ್ಬಳ್ಳಿ-ಧಾರವಾಡದಲ್ಲಿ ಪ್ರಾಜೆಕ್ಟ್ ಮಾಡುತ್ತಿರುವ ಗೆಳೆಯರೇ, ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳಬಹುದಾದ ಚಿಪ್) ಪಿನ್ನನ್ನು 5 ವೋಲ್ಟ್ ಚಿಪ್‌ಗೆ ನೇರವಾಗಿ ಜೋಡಿಸುವ ಮೊದಲು ಆ ಚಿಪ್‌ನ ಡೇಟಾಶೀಟ್‌ನಲ್ಲಿ ವಿಐಎಚ್ (ಇನ್‌ಪುಟ್ 'ಹೈ' ಅನ್ನಿಸಲು ಬೇಕಾದ ಕನಿಷ್ಠ ವೋಲ್ಟೇಜ್) ನೋಡಿ.

ವಿದ್ಯಾನಗರದ ನನ್ನ ರೂಮಿನಲ್ಲಿ ಎಫ್‌ಪಿಜಿಎಯಿಂದ ನಡೆಸುವ 74ಎಚ್‌ಸಿ595 ಶಿಫ್ಟ್ ರಿಜಿಸ್ಟರ್ ಚಿಪ್‌ಗೆ ಎಲ್‌ಇಡಿ ಸಾಲು ಜೋಡಿಸಿದ್ದೆ. ಬೆಳಗ್ಗೆ ಸರಿ ಇತ್ತು, ಮಧ್ಯಾಹ್ನ ಮನಸ್ಸಿಗೆ ಬಂದಂತೆ ಮಿಣುಕತೊಡಗಿತು. ಎರಡು ದಿನ ಸುಮ್ನೆ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಕೊನೆಗೆ ಮಲ್ಟಿಮೀಟರ್ ಇಟ್ಟರೆ ಎಫ್‌ಪಿಜಿಎ ಪಿನ್‌ನಲ್ಲಿ 3.28 ವೋಲ್ಟ್! 5 ವೋಲ್ಟ್ ಸಪ್ಲೈ ಇರುವ ಎಚ್‌ಸಿ ಚಿಪ್‌ಗೆ 'ಹೈ' ಅನ್ನಿಸಲು ಸುಮಾರು 3.5 ವೋಲ್ಟ್ ಬೇಕು. ನಡುವೆ 74ಎಚ್‌ಸಿಟಿ245 ಬಫರ್ ಚಿಪ್ ಹಾಕಿ, ಅದಕ್ಕೂ 5 ವೋಲ್ಟ್ ಕೊಟ್ಟೆ. ಎಚ್‌ಸಿಟಿಗೆ 2 ವೋಲ್ಟ್ ಸಾಕಲ್ವಾ, ಮಿಣುಕುವುದು ನಿಂತೇ ಹೋಯಿತು.

ಎಫ್‌ಪಿಜಿಎಗೆ ವಾಪಸ್ ಬರುವ 5 ವೋಲ್ಟ್ ಸಿಗ್ನಲ್ ಇನ್ನೂ ಜೋಪಾನ. ಈಗಿನ ಹೆಚ್ಚಿನ ಎಫ್‌ಪಿಜಿಎ ಅದನ್ನು ತಾಳಿಕೊಳ್ಳುವುದಿಲ್ಲ, ಪಿನ್ ಸುಟ್ಟು ಹೋಗಬಹುದು. ಸಿಗ್ನಲ್ ನಿಧಾನದ್ದಾದರೆ 1.8ಕೆ, 3.3ಕೆ ರೆಸಿಸ್ಟರ್ ಡಿವೈಡರ್ (ವೋಲ್ಟೇಜ್ ಇಳಿಸುವ ಎರಡು ರೆಸಿಸ್ಟರ್‌ಗಳ ಜೋಡಿ) ಸಾಕು. 3.3ಕೆ ಗ್ರೌಂಡ್ ಕಡೆ ಇರಲಿ.