ನಮ್ಮೂರಲ್ಲಿ ನೀರು ನೂರಕ್ಕೆ ಕುದಿಯುವುದಿಲ್ಲ

ಚಿಕ್ಕಮಗಳೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು ನಾನು. ಒಂಬತ್ತನೇ ಕ್ಲಾಸಿಗೆ ಘನ, ದ್ರವ, ಅನಿಲದ ಪಾಠ ಬಂದಾಗ ಬೀಕರಿನಲ್ಲಿ ನೀರು ಕಾಯಿಸಿ ಥರ್ಮಾಮೀಟರ್ ನೋಡಲು ಹೇಳುತ್ತೇನೆ. ನೀರು ಕೊತಕೊತ ಕುದಿಯುತ್ತಿರುತ್ತದೆ. ಪಾದರಸ ಮಾತ್ರ 96, 97ರ ಹತ್ತಿರ ನಿಂತುಬಿಡುತ್ತದೆ. ಆದರೂ ರೆಕಾರ್ಡ್ ಪುಸ್ತಕದಲ್ಲಿ ಎಲ್ಲರೂ 100 ಅಂತಲೇ ಬರೆಯುತ್ತಾರೆ. ಪುಸ್ತಕದಲ್ಲಿ ಹಾಗೇ ಇದೆಯಲ್ಲ!

ಕೇಳಿದರೆ, "ಥರ್ಮಾಮೀಟರ್ ಹಾಳಾಗಿದೆ ಸಾರ್" ಅನ್ನುತ್ತಾರೆ. ಒಳ್ಳೆಯ ಅನುಮಾನವೇ. ಅದಕ್ಕೇ ಕರಗುತ್ತಿರುವ ಐಸಿನಲ್ಲಿ ಅದನ್ನು ಅದ್ದಿಸುತ್ತೇನೆ. ಅಲ್ಲಿ ಸರಿಯಾಗಿ ಸೊನ್ನೆ ತೋರಿಸಿದರೆ ಥರ್ಮಾಮೀಟರಿನ ಮೇಲೆ ಅನುಮಾನ ಕಡಿಮೆಯಾಗುತ್ತದೆ. ಬೆಟ್ಟ ಹತ್ತಿದರೂ ಐಸ್ ಕರಗುವ ಬಿಂದು ಹೆಚ್ಚೂಕಮ್ಮಿ ಅಷ್ಟೇ ಇರುತ್ತದೆ.

ಹಾಗಾದರೆ ಆ ಮೂರ್ನಾಲ್ಕು ಡಿಗ್ರಿ ಎಲ್ಲಿ ಹೋಯಿತು? ಇಲ್ಲಿ ಸಿರಿಂಜ್ ಹೊರಗೆ ತೆಗೆಯುತ್ತೇನೆ. ಮೆಡಿಕಲ್ ಶಾಪಿನ 20 ಎಂಎಲ್ ಸಿರಿಂಜ್, ಸೂಜಿ ಬೇಡ. ಒಮ್ಮೆ ಕುದಿಸಿ, 70 ಡಿಗ್ರಿಯವರೆಗೆ ಆರಲು ಬಿಟ್ಟ ನೀರನ್ನು ಕಾಲು ಭಾಗ ಎಳೆದುಕೊಳ್ಳಬೇಕು. ತುದಿ ಮೇಲೆ ಮಾಡಿ ಗಾಳಿಯನ್ನೆಲ್ಲ ಹೊರಗೆ ತಳ್ಳಬೇಕು. ಆಮೇಲೆ ತುದಿಗೆ ರಬ್ಬರ್ ಮುಚ್ಚಳ ಗಟ್ಟಿಯಾಗಿ ಹಾಕಿ. ಬೆರಳಲ್ಲಿ ಮುಚ್ಚಲು ಹೋಗಬೇಡಿ, ಸುಡುತ್ತದೆ. ಈಗ ಪಿಸ್ಟನ್ ಜೋರಾಗಿ ಎಳೆದರೆ ಒಳಗಿನ ನೀರು ಗುಳುಗುಳು ಕುದಿಯುತ್ತದೆ. ಕೆಳಗೆ ಬೆಂಕಿಯೇ ಇಲ್ಲ! ಪಿಸ್ಟನ್ ಬಿಟ್ಟರೆ ಗುಳ್ಳೆಗಳು ಮಾಯ. ಚುರುಕು ಹುಡುಗಿಯೊಬ್ಬಳು "ಅದು ನೀರಲ್ಲಿ ಕರಗಿದ್ದ ಗಾಳಿ ಅಲ್ವಾ ಸಾರ್?" ಅಂದಿದ್ದಳು. ಗಾಳಿಯಾಗಿದ್ದರೆ ಬಿಟ್ಟ ಕೂಡಲೇ ಮಾಯವಾಗುತ್ತಿರಲಿಲ್ಲ. ನೀರು ಮೊದಲೇ ಕುದಿಸಿಕೊಳ್ಳುವುದು ಇದೇ ಕಾರಣಕ್ಕೆ. ಆದರೂ ಕೊನೆಗೆ ಸಾಸಿವೆಯಷ್ಟು ಗುಳ್ಳೆ ಉಳಿಯುವುದುಂಟು. ಆ ಗುಳ್ಳೆ ಗಾಳಿಯದು, ಅವಳು ಹೇಳಿದ್ದು ಅಷ್ಟರಮಟ್ಟಿಗೆ ಸರಿ.

ಕಣಗಳ ಮಾತು ಎತ್ತುವುದು ಇದಾದ ಮೇಲೆ. ಕೋಣೆಯ ಗಾಳಿಯ ಕಣಗಳು ಸರಾಸರಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡಾಡುತ್ತಾ ಎಲ್ಲದಕ್ಕೂ ಬಡಿಯುತ್ತಿರುತ್ತವೆ. ಒತ್ತಡ ಅಂದರೆ ಆ ಬಡಿತವೇ. ನೀರಿನೊಳಗೆ ಹುಟ್ಟಿದ ಆವಿಯ ಗುಳ್ಳೆ ಉಳಿಯಬೇಕಾದರೆ ಅದರೊಳಗಿನ ಕಣಗಳೂ ಅಷ್ಟೇ ಜೋರಾಗಿ ಹೊರಕ್ಕೆ ಬಡಿಯಬೇಕು. ಹೊರಗಿನ ಬಡಿತ ಕಡಿಮೆಯಾದರೆ ಕಡಿಮೆ ಬಿಸಿಯಲ್ಲೇ ಕುದಿತ ಶುರು. ಪಿಸ್ಟನ್ ಎಳೆದು ಮಾಡಿದ್ದು ಇಷ್ಟೇ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ, ಇಲ್ಲಿ ಗಾಳಿ ಸ್ವಲ್ಪ ತೆಳು. 1,930 ಮೀಟರಿನ ಮುಳ್ಳಯ್ಯನಗಿರಿ ತುದಿಯಲ್ಲಿ ಒತ್ತಡ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲು, ನೀರು 94 ಡಿಗ್ರಿಯೊಳಗೇ ಕುದಿಯುತ್ತದೆ. ಕುಕ್ಕರಿನಲ್ಲಿ ಇದರ ಉಲ್ಟಾ, ಸುಮಾರು 120.

ಕುದಿಯುವಾಗ ಪಾದರಸ ಯಾಕೆ ಮೇಲೇರುವುದಿಲ್ಲ ಅನ್ನುವುದು ಗುಪ್ತೋಷ್ಣದ ಪಾಠ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಬೇಕು. ಆ ಶಾಖವೆಲ್ಲ ಕಣಗಳನ್ನು ಒಂದರಿಂದೊಂದು ಬಿಡಿಸಲಿಕ್ಕೇ ಖರ್ಚು. ಅದಕ್ಕೆ ಇನ್ನೊಂದು ಪೀರಿಯಡ್ ಬೇಕೇ ಬೇಕು.

ಮಕ್ಕಳಿಗೆ ಕೊನೆಗೂ ಒಂದೇ ಚಿಂತೆ: ಪರೀಕ್ಷೆಯಲ್ಲಿ ಎಷ್ಟು ಬರೆಯಬೇಕು? "ಸಮುದ್ರಮಟ್ಟದ ಒತ್ತಡದಲ್ಲಿ 100" ಅಂತ ಬರೆಯಿರಿ ಅನ್ನುತ್ತೇನೆ. ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಕಂಡಷ್ಟೇ ಬರೆಯಬೇಕು, 97 ಅಂದರೆ 97.