ಇಂದಿರಾ ಗಾಂಧಿ ಬಗ್ಗೆ ವ್ಯಕ್ತಿಚಿತ್ರ ಬರೆಯುವುದು ಹೇಗೆ

ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ದಿನಾಂಕ, ನಡೆದದ್ದು, ಮಾಡಿದವರು. ಮೂರನೆಯದು ಖಾಲಿಯಿದ್ದರೆ ಆ ಸಾಲು ಇನ್ನೂ ಬರೆಯಲು ಸಿದ್ಧವಾಗಿಲ್ಲ. ಅಭಿಮಾನಿ ಬರೆದರೆ "ಇಂದಿರಾ ಬ್ಯಾಂಕ್ ರಾಷ್ಟ್ರೀಕರಣ ಮಾಡಿದರು", ಆದರೆ "ತುರ್ತು ಪರಿಸ್ಥಿತಿ ಹೇರಲಾಯಿತು". ಒಳ್ಳೆಯದಕ್ಕೆ ಹೆಸರು, ಕೆಟ್ಟದ್ದಕ್ಕೆ ಕರ್ಮಣಿ ಪ್ರಯೋಗ. ವಿರೋಧಿ ಬರೆದರೆ ಇದೇ ತಿರುಗುಮುರುಗು. ಪಕ್ಷಪಾತ ವಿಶೇಷಣಗಳಿಗಿಂತ ಹೆಚ್ಚಾಗಿ ಕ್ರಿಯಾಪದಗಳಲ್ಲಿ ಅಡಗಿರುತ್ತದೆ.

ಬಾಲ್ಯಕ್ಕೆ ಒಂದು ಪ್ಯಾರಾ ಸಾಕು: 1917ರ ನವೆಂಬರ್ 19ರಂದು ಅಲಹಾಬಾದಿನಲ್ಲಿ ಜನನ, 1942ರಲ್ಲಿ ಫಿರೋಜ್ ಗಾಂಧಿ ಜತೆ ಮದುವೆ. ಮಹಾತ್ಮ ಗಾಂಧಿಗೂ ಈ ಮನೆತನಕ್ಕೂ ರಕ್ತಸಂಬಂಧವಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿಬಿಡಿ. 1959ರ ಕಾಂಗ್ರೆಸ್ ಅಧ್ಯಕ್ಷಗಿರಿಯನ್ನು ಹಲವರು ಹಾರಿಸುತ್ತಾರೆ. ಕೇರಳದಲ್ಲಿ ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರ ವಜಾ ಆದದ್ದು ಅದೇ ವರ್ಷ, ಹಾಗಾಗಿ ಬಿಡಬೇಡಿ. ಪ್ರಧಾನಿಯಾದದ್ದು 1966ರ ಜನವರಿ 24.

ಬ್ಯಾಂಕುಗಳ ಲೆಕ್ಕ ಬಹಳ ಕಡೆ ತಪ್ಪುತ್ತದೆ. 1969ರ ಜುಲೈ 19ಕ್ಕೆ ರಾಷ್ಟ್ರೀಕರಣವಾದದ್ದು 14, 1980ರಲ್ಲಿ ಇನ್ನೂ 6. ನಮ್ಮ ಕೆನರಾ, ಸಿಂಡಿಕೇಟ್ ಮೊದಲ ಕಂತಿನವು. ವಿಜಯಾ, ಕಾರ್ಪೊರೇಷನ್ ಎರಡನೆಯ ಕಂತಿನವು. ನಡುವೆ 1970ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಕರಣದ ಕಾನೂನನ್ನು ಹೊಡೆದುಹಾಕಿತ್ತು, ಕೆಲವೇ ದಿನಗಳಲ್ಲಿ ಮತ್ತೊಂದು ಸುಗ್ರೀವಾಜ್ಞೆ ಬಂತು.

ಹೆಚ್ಚು ಜಾಗ ಕೊಡಬೇಕಾದದ್ದು 1975ರ ಜೂನ್ 12ರಿಂದ 26ರವರೆಗಿನ ಎರಡು ವಾರಗಳಿಗೆ. ದಿನಾಂಕವಾರು ಬರೆಯಿರಿ. 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ರಾಯ್‌ಬರೇಲಿಯಿಂದ ಲೋಕಸಭೆಗೆ ಇಂದಿರಾ ಆಯ್ಕೆಯಾದದ್ದನ್ನು ರದ್ದುಮಾಡಿದರು. ಇದನ್ನು ಲಂಚದ ಪ್ರಕರಣವೆಂದು ಬರೆಯುವುದು ಶುದ್ಧ ತಪ್ಪು: ಸರ್ಕಾರಿ ನೌಕರಿಯಲ್ಲಿದ್ದಾಗಲೇ ಯಶಪಾಲ್ ಕಪೂರ್ ಅವರನ್ನು ಚುನಾವಣಾ ಕೆಲಸಕ್ಕೆ ಬಳಸಿಕೊಂಡದ್ದು, ಸಭೆಗಳಿಗೆ ಅಧಿಕಾರಿಗಳಿಂದ ವೇದಿಕೆ, ವಿದ್ಯುತ್ ಒದಗಿಸಿಕೊಂಡದ್ದು, ಸಾಬೀತಾದದ್ದು ಇಷ್ಟು. 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ಪ್ರಧಾನಿಯಾಗಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ. 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಂಪುಟ ಒಪ್ಪಿದ್ದು ಮರುದಿನ ಬೆಳಿಗ್ಗೆ, ಸಹಿ ಬಿದ್ದ ಮೇಲೆ! ಈ ಅನುಕ್ರಮ ತಲೆಕೆಳಗಾದರೆ ಇಡೀ ಪ್ರಸಂಗದ ಅರ್ಥವೇ ಕೆಡುತ್ತದೆ. "ಕೊನೆಗೆ ಸುಪ್ರೀಂ ಕೋರ್ಟ್ ಅವರ ಆಯ್ಕೆಯನ್ನು ಎತ್ತಿಹಿಡಿಯಿತು" ಎಂದು ಬರೆಯುವವರು, ಆ ನವೆಂಬರಿನ ತೀರ್ಪಿಗೆ ಮೊದಲೇ ಸಂಸತ್ತು ಚುನಾವಣಾ ಕಾನೂನನ್ನು ಪೂರ್ವಾನ್ವಯವಾಗಿ ತಿದ್ದಿತ್ತು ಎಂಬುದನ್ನೂ ಸೇರಿಸಬೇಕು.

ತುರ್ತು ಪರಿಸ್ಥಿತಿಯ ದೌರ್ಜನ್ಯಗಳ ವಿವರಕ್ಕೆ, ಅವನ್ನು ತನಿಖೆ ಮಾಡಿದ ಷಾ ಆಯೋಗದ ವರದಿ ನೋಡಿ. ಅದನ್ನು ನೇಮಿಸಿದ್ದು ಜನತಾ ಸರ್ಕಾರ, ಇಂದಿರಾ ಪ್ರಮಾಣ ಮಾಡಿ ಸಾಕ್ಷ್ಯ ನುಡಿಯಲು ಒಪ್ಪಲಿಲ್ಲ ಎಂಬೆರಡೂ ಜತೆಗಿರಲಿ. ವಾಜಪೇಯಿ ಇಂದಿರಾರನ್ನು "ದುರ್ಗೆ" ಎಂದರೆಂಬ ಮಾತನ್ನು ಬಳಸಬೇಡಿ, ಹಾಗೆ ಹೇಳಿಲ್ಲವೆಂದು ಅವರೇ ನಿರಾಕರಿಸಿದ್ದಾರೆ.

ಇಂದಿರಾ ಚಿಕ್ಕಮಗಳೂರಿನಿಂದ ಗೆದ್ದದ್ದು 1978ರ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟು, ಎದುರಾಳಿ ವೀರೇಂದ್ರ ಪಾಟೀಲ್, ಮುಖ್ಯಮಂತ್ರಿ ದೇವರಾಜ ಅರಸು. "ಚಿಕ್ಕಮಗಳೂರು ಮರುಜೀವ ಕೊಟ್ಟಿತು" ಎಂದು ಅಲ್ಲಿಗೇ ನಿಲ್ಲಿಸುವ ಚಟ ನಮ್ಮವರಿಗಿದೆ. ಡಿಸೆಂಬರಿನಲ್ಲೇ ಲೋಕಸಭೆ ಇಂದಿರಾರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಮರುವರ್ಷ ಅರಸು ಅವರೇ ಪಕ್ಷದಿಂದ ಹೊರಬಿದ್ದರು.

1984ರಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ಸೇನೆ ನಡೆಸಿದ ಬ್ಲೂ ಸ್ಟಾರ್ ಕಾರ್ಯಾಚರಣೆಯಲ್ಲಿ ಸತ್ತವರ ಸಂಖ್ಯೆ ಕೊಡುವುದಾದರೆ ಯಾರ ಲೆಕ್ಕವೆಂದು ಪಕ್ಕದಲ್ಲೇ ಬರೆಯಿರಿ. ಸಿಖ್ಖರ ಹತ್ಯಾಕಾಂಡ ನಡೆದದ್ದು ಅಕ್ಟೋಬರ್ 31ರ ಇಂದಿರಾ ಹತ್ಯೆಯ ನಂತರ. ಅದಕ್ಕೆ ಬೇರೆ ಪ್ಯಾರಾ ಮಾಡಿ.