ಪೀಣ್ಯದಲ್ಲಿ ಬಾಡಿಗೆ ಕಟ್ಟಿ ಬದುಕುವುದು: ನನ್ನ ಲೆಕ್ಕ

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಮಾತು ಆಮೇಲೆ.

ನಾನು ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಸಿಎನ್‌ಸಿ ಪ್ರೋಗ್ರಾಮರ್, ಅಂದರೆ ಲೋಹ ಕೆತ್ತುವ ಕಂಪ್ಯೂಟರ್ ಚಾಲಿತ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವವನು. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಸ್ಯಾಂಪಲ್ ಟೈಲರ್, ಹೊಸ ಡಿಸೈನಿನ ಮಾದರಿ ಬಟ್ಟೆ ಹೊಲಿಯುವವಳು. ಇಬ್ಬರದೂ ಸೇರಿ ತಿಂಗಳಿಗೆ 62 ಸಾವಿರ ಕೈಗೆ ಬರುತ್ತದೆ. ಊರು ರಾಣೆಬೆನ್ನೂರು. ಅಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ, ಬಾಡಿಗೆಯ ತಾಪತ್ರಯವಿಲ್ಲ. ಅಲ್ಲೇ ಇದ್ದುಕೊಂಡು ಹರಿಹರದ ಕಡೆ ಇದೇ ಕೆಲಸ ಹುಡುಕಿದರೆ ನನಗೆ 30 ಸಾವಿರ ಸಿಗಬಹುದು. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿದರೆ ಇನ್ನೊಂದು 5 ಸಾವಿರ. ಅಂದರೆ ಬೆಂಗಳೂರಿನಲ್ಲಿ 27 ಸಾವಿರ ಜಾಸ್ತಿ ದುಡಿಯುತ್ತೇವೆ.

ಈಗ ಖರ್ಚು. ದಾಸರಹಳ್ಳಿ ಕಡೆ ಒಂದು ಬೆಡ್‌ರೂಮಿನ ಮನೆ, ಬಾಡಿಗೆ 11 ಸಾವಿರ. ನೀರು, ಮೇಂಟೆನೆನ್ಸ್ ಅಂತ 600. ಓನರ್ ಹತ್ತಿರ 1 ಲಕ್ಷ ಅಡ್ವಾನ್ಸ್ ಸುಮ್ನೆ ಕೂತಿದೆ. ಅದನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ತಿಂಗಳಿಗೆ ಹೆಚ್ಚುಕಮ್ಮಿ 550 ಬಡ್ಡಿ ಬರುತ್ತಿತ್ತು, ಅದೂ ಖರ್ಚೇ. ಹಬ್ಬ, ಮದುವೆ, ಸಾವು ಅಂತ ಊರಿಗೆ ಓಡಾಡುವುದನ್ನು ತಿಂಗಳಿಗೆ ಹಂಚಿದರೆ 2 ಸಾವಿರ. ಮಗಳ ಶಾಲೆ ಫೀಸಿನಲ್ಲಿ ಊರಿಗೂ ಇಲ್ಲಿಗೂ 1,500 ವ್ಯತ್ಯಾಸ. ಹಾಲು, ತರಕಾರಿ, ಹೋಟೆಲ್ ತಿಂಡಿ ಇದರಲ್ಲೂ ಅಷ್ಟೇ. ಎಲ್ಲ ಕೂಡಿಸಿದರೆ 17 ಸಾವಿರ ದಾಟುತ್ತದೆ. ಉಳಿಯುವುದು ಸುಮಾರು 10 ಸಾವಿರ.

ಜೋಳ, ಅಕ್ಕಿ ಊರಿಂದಲೇ ಬರುತ್ತವೆ. ಖಾರದ ಪುಡಿ ಅಂತೂ ಅಮ್ಮ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿಸಿ ಕಳಿಸುತ್ತಾಳೆ. ಅದಕ್ಕೆಲ್ಲ ಬೆಲೆ ಕಟ್ಟಿದರೆ ಆ 10 ಸಾವಿರವೂ ಇನ್ನಷ್ಟು ಕರಗುತ್ತದೆ.

ಈ 10 ಸಾವಿರಕ್ಕಾಗಿ ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು, ಟ್ರಾಫಿಕ್ಕಿನ ಹೊಗೆ ಕುಡಿದುಕೊಂಡು ಇಲ್ಲಿರಬೇಕಾ? ಬರೀ ಈ ಒಂದು ತಿಂಗಳ ಲೆಕ್ಕ ನೋಡಿದರೆ ಬೇಡ ಅಂತಲೇ ನಾನೂ ಹೇಳುತ್ತೇನೆ. ಆದರೆ ನಾನು 2012ರಿಂದ ಇಲ್ಲಿದ್ದೇನೆ. ಇಷ್ಟು ವರ್ಷಗಳ ಲೆಕ್ಕ ಬೇರೆಯೇ ಇದೆ.

ಸರ್ಕಾರಿ ತರಬೇತಿ ಕೇಂದ್ರವಾದ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮುಗಿಸಿ ಬಂದಾಗ ನಾನು ಬರೀ ಆಪರೇಟರ್. ಲಗ್ಗೆರೆಯಲ್ಲಿ ಒಂದು ರೂಮು, ಮೂರು ಜನ. ಆಗ ಸಂಬಳಕ್ಕೂ ಖರ್ಚಿಗೂ ಸರಿಹೋಗುತ್ತಿತ್ತು, ಉಳಿತಾಯ ಸೊನ್ನೆ. ಊರಲ್ಲಿ ಅಪ್ಪನ ಜೊತೆ ಇದ್ದು ಸಣ್ಣ ಕೆಲಸ ಮಾಡಿದ್ದರೂ ಕೈಯಲ್ಲಿ ನಾಲ್ಕು ಕಾಸು ಜಾಸ್ತಿ ಇರುತ್ತಿತ್ತು. ಆದರೂ ಇಲ್ಲಿ ನಿಂತೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಕಡೆಯ ಒಂದು ಕಥೆ ಹೇಳಬೇಕು.

ರಾಣೆಬೆನ್ನೂರಿಂದ ಹೆದ್ದಾರಿ ಹಿಡಿದು ತುಂಗಭದ್ರೆ ದಾಟಿದರೆ ಹರಿಹರ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಲೇತ್, ಅಂದರೆ ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರ ಮಾಡುವ ಕಾರ್ಖಾನೆ. ನಾನು ಕೈಯಿಟ್ಟ ಮೊದಲ ಲೇತ್ ಹರಿಹರದ್ದೇ. ಸಾವಿರಾರು ಮನೆಗಳಿಗೆ ಅನ್ನ ಹಾಕಿದ ಜಾಗ ಅದು. 2000ದ ಆಸುಪಾಸಿನಲ್ಲಿ ಅದು ಮುಚ್ಚಿತು. ಅಲ್ಲಿನ ಟರ್ನರ್, ಫಿಟ್ಟರ್, ಗ್ರೈಂಡರ್‌ಗಳ ಕೈಯಲ್ಲಿದ್ದ ಕಸುಬು ಸಣ್ಣದಲ್ಲ. ಆದರೆ ಆ ಕಸುಬಿಗೆ ಸರಿಯಾದ ಬೆಲೆ ಕೊಡುವ ಇನ್ನೊಂದು ಅಷ್ಟೇ ದೊಡ್ಡ ಗೇಟು ಆ ಊರಲ್ಲಿ ಇರಲಿಲ್ಲ.

ಈ ಕಡೆ ಜಾಲಹಳ್ಳಿ ನೋಡಿ. 1953ರಲ್ಲಿ ಎಚ್‌ಎಂಟಿ ಬಂತು. ಅದೂ ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆಯೇ. ಅದರ ವೈಭವವೂ ಇಳಿಯಿತು, ಅದರ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ಅಷ್ಟರಲ್ಲಿ ಪಕ್ಕದ ಪೀಣ್ಯದಲ್ಲಿ ಸಾವಿರಾರು ಸಣ್ಣ ಘಟಕಗಳು ಎದ್ದಿದ್ದವು. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್ ಹೀಗೆ ದೊಡ್ಡವರಿಗೆ ಜಾಬ್ ವರ್ಕ್ ಮಾಡಿಕೊಂಡು ಬೆಳೆದವು ಎಷ್ಟೋ. ನನಗೆ ಮೈಕ್ರೋಮೀಟರ್ ಹಿಡಿಯುವ ಸರಿಯಾದ ರೀತಿ ಕಲಿಸಿದವರು ಎಚ್‌ಎಂಟಿ ಬಿಟ್ಟು ಬಂದಿದ್ದ ಒಬ್ಬ ಹಿರಿಯರು. ಕಾರ್ಖಾನೆ ಬಿಟ್ಟರೂ ಅವರ ಮನೆ ಬದಲಾಗಲಿಲ್ಲ, ಮಕ್ಕಳ ಶಾಲೆ ಬದಲಾಗಲಿಲ್ಲ. ಅದೇ ರೂಟಿನ ಬಸ್ಸು ಹತ್ತಿ ಎರಡು ಸ್ಟಾಪ್ ಮುಂದೆ ಇಳಿಯುತ್ತಿದ್ದರು, ಅಷ್ಟೇ.

ನನ್ನ ಪ್ರಕಾರ ಬೆಂಗಳೂರಿನ ಜಾಸ್ತಿ ಬಾಡಿಗೆ ಕೊಡುವುದು ಇದಕ್ಕೆ. ಮಾಲ್‌ಗೂ ಅಲ್ಲ, ಹವಾಮಾನಕ್ಕೂ ಅಲ್ಲ. ಈ ಗೇಟು ಮುಚ್ಚಿದರೆ, ಅಥವಾ ಇಲ್ಲಿ ಕಲಿಯುವುದು ಮುಗಿದರೆ, ನಡೆದು ಹೋಗುವ ದೂರದಲ್ಲಿ ಇನ್ನೊಂದು ಗೇಟು ಇದೆ ಅನ್ನುವುದಕ್ಕೆ. ಆ ಇನ್ನೊಂದು ಗೇಟನ್ನು ಯಾವತ್ತೂ ತಟ್ಟದವರಿಗೆ ಬೆಂಗಳೂರು ಶುದ್ಧ ನಷ್ಟ.

ನಾನು ತಟ್ಟಿದೆ. ಪೀಣ್ಯ ಎರಡನೇ ಹಂತದ ರಸ್ತೆಗಳಲ್ಲಿ ನಡೆದರೆ ಗೇಟುಗಳ ಮೇಲೆ ಬೋರ್ಡು ನೇತಾಡುತ್ತಿರುತ್ತವೆ: ವಿಎಂಸಿ ಆಪರೇಟರ್ ಬೇಕಾಗಿದ್ದಾರೆ, ಸೆಟ್ಟರ್ ಬೇಕಾಗಿದ್ದಾರೆ. ವಿಎಂಸಿ ಅಂದರೆ ಒಂದು ಬಗೆಯ ಸಿಎನ್‌ಸಿ ಮಷಿನ್, ಸೆಟ್ಟರ್ ಅಂದರೆ ಹೊಸ ಕೆಲಸಕ್ಕೆ ಮಷಿನ್ ಸಜ್ಜು ಮಾಡುವವನು. ಆದರೆ ಒಳ್ಳೆಯ ಕೆಲಸಗಳು ಬೋರ್ಡಿಗೆ ಬರುವುದಿಲ್ಲ. ಶಿಫ್ಟ್ ಬದಲಾಗುವ ಹೊತ್ತಿಗೆ ಟೀ ಅಂಗಡಿ ಮುಂದೆ ನಿಂತರೆ ಎಲ್ಲ ಗೊತ್ತಾಗುತ್ತದೆ. ಯಾರ ಶಾಪ್‌ಗೆ ಹೊಸ ಮಷಿನ್ ಇಳಿಯಿತು, ಯಾರು ಸಂಬಳ ಏಳನೇ ತಾರೀಖು ದಾಟಿಸುತ್ತಾರೆ, ಯಾವ ಸೂಪರ್‌ವೈಸರ್ ಕಲಿಸುತ್ತಾನೆ, ಯಾವನು ಪ್ರೋಗ್ರಾಂ ಲಾಕ್ ಮಾಡಿಟ್ಟುಕೊಳ್ಳುತ್ತಾನೆ. ಈ ಮಾಹಿತಿ ಸಿಗುವುದು ಊರಿನಲ್ಲಿ ಕಷ್ಟ. ಅಲ್ಲಿ ಇರುವುದೇ ನಾಲ್ಕು ಶಾಪು, ನಾಲ್ಕೂ ಮಾಲೀಕರು ಒಂದೇ ಮದುವೆ ಪಂಕ್ತಿಯಲ್ಲಿ ಕೂರುತ್ತಾರೆ. ನೀವು ಕೆಲಸ ಕೇಳಿದ ಸುದ್ದಿ ನಿಮಗಿಂತ ಮೊದಲು ನಿಮ್ಮ ಶಾಪ್ ತಲುಪಿರುತ್ತದೆ.

ನಾನು ಇಟ್ಟುಕೊಂಡ ನಿಯಮ ಒಂದೇ. ಸಂಬಳ ಸಾವಿರ ಎರಡು ಸಾವಿರ ಜಾಸ್ತಿ ಸಿಗುತ್ತದೆ ಅಂತ ಕೆಲಸ ಬಿಡಬಾರದು, ಮಷಿನ್‌ಗಾಗಿ ಬಿಡಬೇಕು. ಆಪರೇಟರ್ ಆಗಿದ್ದಾಗ, ಸೆಟ್ಟಿಂಗ್ ಕಲಿಸುತ್ತೇವೆ ಅಂದ ಕಡೆಗೆ ಅದೇ ಸಂಬಳಕ್ಕೆ ಹೋದೆ. ಅಲ್ಲಿಂದ ಮೋಲ್ಡ್ ಮಾಡುವ ಶಾಪ್‌ಗೆ, ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಂ ಬರೆಯಲು. ಈಗ ಇರುವ ಕಡೆ ಐದು ಅಕ್ಷಗಳಲ್ಲಿ ಚಲಿಸಿ ಕೆತ್ತುವ ಫೈವ್ ಆಕ್ಸಿಸ್ ಮಷಿನ್ ಇದೆ, ವಿಮಾನದ ಬಿಡಿಭಾಗಗಳು ಬರುತ್ತವೆ. ಸಂಬಳದ ದೊಡ್ಡ ಏರಿಕೆಗಳೆಲ್ಲ ಹೀಗೆ ಜಾಗ ಬದಲಿಸಿದಾಗಲೇ ಬಂದದ್ದು. ಇದ್ದಲ್ಲೇ ಕೂತಾಗ ವರ್ಷಕ್ಕೊಮ್ಮೆ ಸಿಗುವ ಇನ್‌ಕ್ರಿಮೆಂಟ್ ಓನರ್ ಏರಿಸುವ ಬಾಡಿಗೆಗೇ ಸರಿಹೋಗುತ್ತಿತ್ತು. ಒಂದು ಮಾತು, ಬಿಡುವಾಗ ನೋಟಿಸ್ ಪೂರ್ತಿ ಮಾಡಿ, ಕೆಲಸ ಒಪ್ಪಿಸಿ ಬಿಡಿ. ಪೀಣ್ಯ ದೊಡ್ಡದು, ಆದರೆ ಅಷ್ಟೊಂದು ದೊಡ್ಡದಲ್ಲ. ಪಿಎಫ್ ಮುರಿಸಬೇಡಿ, ನಿಮ್ಮ ಪಿಎಫ್‌ನ ಕಾಯಂ ನಂಬರ್ ಆದ ಅದೇ ಯುಎಎನ್‌ಗೆ ವರ್ಗಾವಣೆ ಮಾಡಿಸಿ. ಕೆಲಸ ಬಿಟ್ಟಾಗಲೆಲ್ಲ ಪಿಎಫ್ ತೆಗೆದು ಬೈಕ್ ಕೊಂಡ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ.

ಮನೆ ವಿಷಯಕ್ಕೆ ಬರೋಣ. ದೂರ ಹೋದರೆ ಬಾಡಿಗೆ ಕಡಿಮೆ, ನಿಜ. ನಮ್ಮ ಶಾಪ್‌ನ ಕೆಲವರು ನೆಲಮಂಗಲದ ಕಡೆಯಿಂದ ಬರುತ್ತಾರೆ. ನಾನು ಮಾತ್ರ ನಡೆದು ಹೋಗುವ ದೂರ ಬಿಟ್ಟು ಮನೆ ನೋಡಿಲ್ಲ. ಕಾರಣ ಓವರ್‌ಟೈಮ್. ಕಾನೂನಿನ ಪ್ರಕಾರ ಓಟಿಗೆ ಎರಡರಷ್ಟು ದರ ಕೊಡಬೇಕು. ಹತ್ತಿರ ಇರುವವನು ಎರಡು ಗಂಟೆ ಓಟಿ ಮಾಡಿ ಒಂಬತ್ತಕ್ಕೆ ಮನೆಯಲ್ಲಿ ಊಟಕ್ಕೆ ಕೂರಬಹುದು. ದೂರದವನು ಅದೇ ಎರಡು ಗಂಟೆಯನ್ನು ತುಮಕೂರು ರಸ್ತೆಗೆ ಕೊಡುತ್ತಾನೆ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಫ್ಲೈಓವರ್ ಮುಚ್ಚಿದರಲ್ಲ, ಆಗ ಕೆಳಗಿನ ರಸ್ತೆಯಲ್ಲಿ ಸಿಕ್ಕಿಕೊಂಡವರ ಗೋಳು ಕೇಳಬೇಕಿತ್ತು. ಹಗುರ ವಾಹನಗಳಿಗೆ ಬೇಗ ಬಿಟ್ಟರು, ಆದರೆ ಬಸ್ಸು, ಲಾರಿಗಳು ಎಷ್ಟೋ ಕಾಲ ಕೆಳಗೇ ಉಳಿದವು. ಮೆಟ್ರೊ 2015ರಲ್ಲಿ ನಾಗಸಂದ್ರದವರೆಗೆ, 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂತು, ಅದರಿಂದ ತುಂಬಾ ಜನಕ್ಕೆ ಅನುಕೂಲವಾಗಿದೆ. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿಸಿದರು, ಗರಿಷ್ಠ 60 ಇದ್ದದ್ದು 90 ರೂಪಾಯಿ ಆಯಿತು. ದಿನಾ ಹೋಗಿಬರುವವರು ಅದನ್ನೂ ಬಾಡಿಗೆಗೆ ಕೂಡಿಸಿಯೇ ಮನೆ ಅಗ್ಗವೋ ಅಲ್ಲವೋ ಅಂತ ಹೇಳಬೇಕು. ನನ್ನ ಹೆಂಡತಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ. ಹಾಗಾಗಿ ನನ್ನ ಶಾಪ್‌ಗೆ ಹತ್ತಿರ, ಅವಳ ಬಸ್‌ಸ್ಟಾಪ್‌ಗೆ ಹತ್ತಿರ ಅಂತ ಮನೆ ಹುಡುಕಿದೆವು.

ಲೀಸ್‌ಗೆ ಹೋಗಿ ಅಂತ ತುಂಬಾ ಜನ ಹೇಳಿದರು. ಐದಾರು ಲಕ್ಷ ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ವಾಪಸ್. ಕೇಳಲು ಚೆನ್ನಾಗಿದೆ. ನಾನು ಮನೆಯ ಇಸಿ, ಅಂದರೆ ಆಸ್ತಿ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ ಕೇಳಿದೆ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದು, ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಬಂದು ನಿಲ್ಲುವುದು ನಮ್ಮ ಬಾಗಿಲಿಗೆ. ಇಸಿಯನ್ನು ಸರ್ಕಾರದ ಕಾವೇರಿ ವೆಬ್‌ಸೈಟಿನಲ್ಲೇ ತೆಗೆಯಬಹುದು. ನಾನು ಕೇಳಿದ ಎರಡು ದಿನಕ್ಕೆ ಆ ಓನರ್ ಫೋನ್ ಎತ್ತುವುದನ್ನೇ ಬಿಟ್ಟರು.

ಇನ್ನು ಕರೆಂಟು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, 200 ಯೂನಿಟ್ ಒಳಗೆ. ಆದರೆ ಹಿಂದೆ ಇದ್ದವರ ಆಧಾರ್ ಆ ಮೀಟರಿಗೆ ಅಂಟಿಕೊಂಡಿದ್ದರೆ ಅದನ್ನು ಮೊದಲು ತೆಗೆಸಬೇಕು. ಅಡ್ವಾನ್ಸ್ ಕೊಡುವ ಮುಂಚೆಯೇ ಮೀಟರ್ ಬೇರೆ ಇದೆಯಾ, ಬಿಲ್ ಯಾರ ಕೈಗೆ ಬರುತ್ತದೆ ಅಂತ ಕೇಳಿಕೊಳ್ಳಿ.

ನೀರಿನದು ಇದಕ್ಕಿಂತ ದೊಡ್ಡ ಮಾತು. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ಗಳು ಒಂದೊಂದಾಗಿ ಕೈಕೊಟ್ಟವು. ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳತೊಡಗಿದಾಗ ಜಿಲ್ಲಾಡಳಿತ ದರ ನಿಗದಿ ಮಾಡಿತು: 5 ಕಿಲೋಮೀಟರ್ ಒಳಗೆ 6 ಸಾವಿರ ಲೀಟರಿಗೆ 600, 12 ಸಾವಿರ ಲೀಟರಿಗೆ 1,000 ರೂಪಾಯಿ. ಆ ದರಕ್ಕೆ ನಮ್ಮ ಸಂಪ್‌ಗೆ ನೀರು ಬೀಳಲು ಎಷ್ಟು ಸಲ ಫೋನ್ ಮಾಡಬೇಕಾಯಿತು ಅಂತ ಕೇಳಬೇಡಿ. ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ಆದರೂ ಮನೆ ನೋಡಲು ಹೋದರೆ ನಾನು ಮೊದಲು ನೋಡುವುದು ಸಂಪ್, ಆಮೇಲೆ ಕೇಳುವುದು ಕಾವೇರಿ ಲೈನ್ ಇದೆಯಾ ಅಂತ. ಅಡುಗೆಮನೆ, ಟೈಲ್ಸ್ ಎಲ್ಲ ಅದಾದ ಮೇಲೆ. ನಮ್ಮೂರಲ್ಲಿ ತುಂಗಭದ್ರೆ ಪಕ್ಕದಲ್ಲೇ ಹರಿಯುತ್ತಾಳೆ. ಇಲ್ಲಿ ನಾವು ಕುಡಿಯುವ ನೀರು ನೂರು ಕಿಲೋಮೀಟರ್ ದೂರದಿಂದ ಗುಡ್ಡ ಹತ್ತಿ ಬರಬೇಕು. ಅದರ ಬೆಲೆಯನ್ನು ಒಂದಲ್ಲ ಒಂದು ರೀತಿಯಲ್ಲಿ ನಾವೇ ಕಟ್ಟುತ್ತೇವೆ.

ಯಾರಿಗೆ ಬೆಂಗಳೂರು ಬೇಡ ಅಂತ ಕೇಳಿದರೆ ಉದಾಹರಣೆ ನಮ್ಮ ಕಟ್ಟಡದಲ್ಲೇ ಇದೆ. ಕೆಳಗಿನ ಮನೆಯವರು ಸೆಕ್ಯುರಿಟಿ ಕೆಲಸದಲ್ಲಿದ್ದಾರೆ. ಕನಿಷ್ಠ ಕೂಲಿ ಬೆಂಗಳೂರು ವಲಯದಲ್ಲಿ ಸ್ವಲ್ಪ ಜಾಸ್ತಿ, ಆದರೆ ಆ ಸ್ವಲ್ಪದಲ್ಲಿ ಬಾಡಿಗೆ ಹುಟ್ಟುವುದಿಲ್ಲ. ಮುಂದಿನ ಗೇಟಿಗೆ ಹೋದರೂ ಅದೇ ಕುರ್ಚಿ, ಅದೇ ರಿಜಿಸ್ಟರ್, ಅದೇ ಸಂಬಳ. ಅವರು ಹೆಂಡತಿ ಮಕ್ಕಳನ್ನು ವಾಪಸ್ ಊರಿಗೆ ಕಳಿಸಿ ಒಬ್ಬರೇ ಇದ್ದಾರೆ. ನನ್ನ ತಂಗಿಯ ಗಂಡ ಹಾವೇರಿಯಲ್ಲಿ ಸರ್ಕಾರಿ ಹೈಸ್ಕೂಲ್ ಮೇಷ್ಟ್ರು. ಅವರಿಗೆ ಎಲ್ಲಿದ್ದರೂ ಅದೇ ವೇತನ ಶ್ರೇಣಿ, ಬೆಂಗಳೂರಿಗೆ ಬಂದರೆ ಮನೆ ಬಾಡಿಗೆಯಂಥ ಭತ್ಯೆ ಮಾತ್ರ ಜಾಸ್ತಿ. "ನಾ ಯಾಕ ಬರ್ಲಿ ಮಾರಾಯ, ಇಲ್ಲೇ ರಾಜಾನಂಗ ಅದೀನಿ" ಅನ್ನುತ್ತಾರೆ. ಸರಿಯಾಗೇ ಹೇಳುತ್ತಾರೆ.

ಲೆಕ್ಕಕ್ಕೆ ಸಿಗದ್ದೂ ಇದೆ. ಅಪ್ಪನಿಗೆ ಎದೆನೋವು ಬಂದಾಗ ಪಕ್ಕದ ಮನೆ ಹುಡುಗ ದಾವಣಗೆರೆಗೆ ಕರೆದುಕೊಂಡು ಹೋದ. ನಾನು ಬಸ್ಸು ಹತ್ತಿ ತಲುಪುವ ಹೊತ್ತಿಗೆ ಡಾಕ್ಟರ್ ಎಲ್ಲ ನೋಡಿ ಆಗಿತ್ತು. ಆಮೇಲೆ ತಪಾಸಣೆಗೆ ಜಯದೇವ ಆಸ್ಪತ್ರೆಗೆ ಬಂದು ನಮ್ಮ ಮನೆಯಲ್ಲೇ ಸ್ವಲ್ಪ ದಿನ ಇದ್ದರು. ಎರಡನ್ನೂ ಯಾವ ಕಾಲಮ್ಮಿಗೆ ಬರೆಯಬೇಕೋ ನನಗಿನ್ನೂ ತಿಳಿದಿಲ್ಲ.

ಇತ್ತೀಚೆಗೆ ಹುಬ್ಬಳ್ಳಿಯ ಒಬ್ಬ ಮಾಲೀಕರು ಫೋನ್ ಮಾಡಿದ್ದರು. ಗೋಕುಲ ರೋಡಿನಲ್ಲಿ ಶಾಪು, ಹೊಸದಾಗಿ ಫೈವ್ ಆಕ್ಸಿಸ್ ಮಷಿನ್ ತರಿಸಿದ್ದಾರೆ, ನಡೆಸುವವರು ಬೇಕು. 40 ಸಾವಿರ ಕೊಡುತ್ತೇನೆ ಅಂದರು. ಹೆಂಡತಿಯ ಹೊಲಿಗೆಯ 5 ಸಾವಿರ ಸೇರಿಸಿದರೆ, ಅಲ್ಲಿನ ಬಾಡಿಗೆ ಬಿಟ್ಟು, ನನ್ನ ಲೆಕ್ಕದಲ್ಲಿ ಅದು ಬೆಂಗಳೂರಿನ ದುಡಿಮೆಗೆ ಹೆಚ್ಚುಕಮ್ಮಿ ಸಮ. ಆದರೆ ನಾನು ಸಂಬಳ ಮಾತಾಡಲಿಲ್ಲ. "ಸರ್, ಇಂಥ ಮಷಿನ್ ಆ ಏರಿಯಾದಾಗ ಇನ್ನೆಲ್ಲೆಲ್ಲಿ ಅದಾವು?" ಅಂತ ಕೇಳಿದೆ. ಅವರು ನಕ್ಕರು. "ಸದ್ಯಕ್ಕ ನಮ್ಮಲ್ಲಷ್ಟ" ಅಂದರು. ಹೆಂಡತಿಗೆ ಹೇಳಿದಾಗ ಅವಳು ಕೇಳಿದ್ದೂ ಅದೇ ಥರದ ಪ್ರಶ್ನೆ: "ರೀ, ಅಲ್ಲಿ ಸ್ಯಾಂಪಲ್ ರೂಮ್ ಇರೋ ಗಾರ್ಮೆಂಟ್ಸ್ ಎಷ್ಟು ಅದಾವ ಕೇಳ್ರಿ."

ಈಗಲೇ ಆಗುವುದಿಲ್ಲ ಅಂತ ಆ ಮಾಲೀಕರಿಗೆ ತಿಳಿಸಿದ್ದೇನೆ. ಪ್ರೋಗ್ರಾಂ ಬೇಕಾದರೆ ಭಾನುವಾರ ಕೂತು ಇಲ್ಲಿಂದಲೇ ಬರೆದು ಕಳಿಸುತ್ತೇನೆ, ಒಂದು ಪ್ರೋಗ್ರಾಮಿಗೆ ಇಷ್ಟು ಅಂತ ಮಾತಾಡಿಕೊಳ್ಳೋಣ ಅಂದೆ. ಮೊದಲ ಡ್ರಾಯಿಂಗ್ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ, ಮುಂದಿನ ವಾರ ಅದನ್ನು ಮುಗಿಸಬೇಕು.